ದೀಪ ಸಮಿತಿಯ ಅಧ್ಯಕ್ಷೆಯ ಗಂಡ

ನಮ್ಮ ಊರಿನಲ್ಲಿ ಅತ್ಯಂತ ಕತ್ತಲೆಯ ಬೀದಿ ಯಾವುದೆಂದು ಯಾರನ್ನಾದರೂ ಕೇಳಿ, ನೇರವಾಗಿ ನಮ್ಮ ಮನೆಗೆ ಕರೆತರುತ್ತಾರೆ. (ಟಾರ್ಚ್ ಹಿಡಿದುಕೊಂಡು.) ಆ ಮನೆಯಲ್ಲಿರುವವಳು ಪುರಸಭೆಯ ದೀಪ ಸಮಿತಿಯ ಅಧ್ಯಕ್ಷೆ. ಅವಳ ಜೊತೆಗಿರುವವನು ನಾನು.

ಪುರಸಭೆಯ ವ್ಯವಸ್ಥೆ ಸರಳ. ವಾರ್ಡಿಗೊಬ್ಬ ಸದಸ್ಯ, ಎಲ್ಲರ ಮೇಲೆ ಒಬ್ಬ ಅಧ್ಯಕ್ಷ, ಕೆಳಗೆ ನೀರಿಗೊಂದು, ಚರಂಡಿಗೊಂದು, ದೀಪಕ್ಕೊಂದು ಸಮಿತಿ. ಸದಸ್ಯರು ತೀರ್ಮಾನಿಸುತ್ತಾರೆ, ಮುಖ್ಯಾಧಿಕಾರಿ ಸಹಿ ಹಾಕುತ್ತಾರೆ, ಎಂಜಿನಿಯರು ಏಣಿ ಕಳಿಸುತ್ತಾರೆ. ಊರಿಗಿರುವುದು ಒಂದೇ ಏಣಿ. ಅದು ಯಾವ ಬೀದಿಗೆ ಹೋಗಬೇಕು ಎನ್ನುವುದೇ ರಾಜಕೀಯ.

ಹಿಂದೆಲ್ಲ ಏಣಿ ಮೊದಲು ಸದಸ್ಯರ ಮನೆಗಳ ಮುಂದೆಯೇ ನಿಲ್ಲುತ್ತಿತ್ತು. ನನ್ನವಳು ಬಂದವಳೇ ನಿರ್ಣಯ ಮಂಡಿಸಿದಳು: ಸದಸ್ಯರ ಬೀದಿಗಳಿಗೆ ಕೊನೆಗೆ, ತನ್ನ ಬೀದಿಗೆ ಎಲ್ಲರಿಗಿಂತ ಕೊನೆಗೆ. ಪತ್ರಿಕೆಯವರು ಎದುರಿಗೇ ಕೂತಿದ್ದರಿಂದ ಉಳಿದವರೆಲ್ಲ ಹಲ್ಲು ಕಚ್ಚಿಕೊಂಡು ಕೈ ಎತ್ತಿದರು.

ನಾನಾದರೂ ಸಹಿಸಿಕೊಂಡೇನು. ಅಮ್ಮನ ಪಾಡು ಬೇರೆ. ಸಂಜೆ ಜಗಲಿಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸುವುದೇ ಅವಳ ಬದುಕು. ಈಗ ಹೊತ್ತು ಇಳಿದರೆ ಅವಳ ಕಣ್ಣಿಗೆ ಏನೂ ಕಾಣದು. (ಊರಿಗೆಲ್ಲ ಕನ್ನಡಕ ಹಾಕುವ ಅಂಗಡಿ ನನ್ನದು, ನನ್ನ ಯಾವ ಗಾಜೂ ಅವಳ ಕತ್ತಲೆಗೆ ಒಗ್ಗಲಿಲ್ಲ.) ಮೆಟ್ಟಿಲು ಕಾಣದೆ ಜಾರಿ ಬಿದ್ದ ಮೇಲಂತೂ ಒಳಕೋಣೆ ಸೇರಿ ಗೋಡೆ ನೋಡುತ್ತ ಕೂತಳು. ಮಾತು ಕಡಿಮೆಯಾಯಿತು, ಆಮೇಲೆ ಊಟ. ಜಗಲಿಗೊಂದು ಬಲ್ಬು ಹಾಕಿಸಿ ನೋಡಿದೆ. "ಊರಿಗೆಲ್ಲ ನಾನು ಕಾಣ್ತೀನಿ, ನನಗೆ ಊರು ಕಾಣಲ್ಲ. ಆರಿಸಪ್ಪ" ಅಂದಳು.

"ಒಂದೇ ಒಂದು ಬೀದಿದೀಪ ಕಣೇ," ಎಂದು ಹೆಂಡತಿಯ ಬಳಿ ಗೋಗರೆದೆ. "ಅಮ್ಮನಿಗೋಸ್ಕರ."

"ಮೊದಲು ಹೆರಿಗೆ ಆಸ್ಪತ್ರೆ ಹಿಂದಿನ ಓಣಿ ಆಗ್ಲಿ ರೀ. ತುಂಬಿದ ಬಸುರಿಯರು ಗೋಡೆ ತಡವಿಕೊಂಡು ಬರ್ತಾರೆ ಅಲ್ಲಿ."

"ನಮ್ಮಮ್ಮ ತಡವರಿಸೋದು ನಿನಗೆ ಕಾಣಲ್ವಾ?"

"ಕಾಣತ್ತೆ. ಅದಕ್ಕೇ ದಿನಾ ಕೈ ಹಿಡಿದು ಓಡಾಡಿಸ್ತೀನಿ. ನೀವು ಒಂದಿನ ಹಿಡಿದಿದ್ದೀರಾ?"

(ಈ ಪ್ರಶ್ನೆ ಚರ್ಚೆಯ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ನಾನು ಉತ್ತರಿಸಲಿಲ್ಲ.)

ಆಗ ಹೊಳೆಯಿತು ಆ ಮಹಾಯೋಚನೆ. ಪುರಸಭೆಯ ತಿಂಗಳ ಸಭೆಯಲ್ಲಿ ಯಾವ ನಾಗರಿಕ ಬೇಕಾದರೂ ಎದ್ದು ದೂರು ಹೇಳಬಹುದು. ಸಂಬಂಧಪಟ್ಟ ಸಮಿತಿ ಅಲ್ಲೇ ಉತ್ತರ ಕೊಡಬೇಕು. ಅಡುಗೆಮನೆಯಲ್ಲಿ ಸೋತ ಗಂಡನಿಗೆ ಪ್ರಜಾಪ್ರಭುತ್ವ ತೆರೆದಿಟ್ಟ ಹಿಂಬಾಗಿಲು!

ಇಸ್ತ್ರಿ ಮಾಡಿದ ಅಂಗಿ ತೊಟ್ಟು (ಇಸ್ತ್ರಿ ಮಾಡಿಕೊಟ್ಟವಳು ಅವಳೇ, ಎಲ್ಲಿಗೆಂದು ಕೇಳದೆ) ಸಭೆಗೆ ಹೋದೆ. ಎದ್ದು ನಿಂತೆ.

"ಮಾನ್ಯ ಅಧ್ಯಕ್ಷರೇ, ನಮ್ಮ ಬೀದಿಯ ಕತ್ತಲಲ್ಲಿ ವೃದ್ಧೆಯೊಬ್ಬರು ಬಿದ್ದಿದ್ದಾರೆ. ದೀಪ ಸಮಿತಿಗೆ ಕರುಣೆ ಇದೆಯೇ?"

ನನ್ನವಳು ನನ್ನತ್ತ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು. ಉತ್ತರಿಸಲು ಏಳುತ್ತಿದ್ದಳು, ಅಷ್ಟರಲ್ಲಿ ಮಾರುಕಟ್ಟೆ ವಾರ್ಡಿನ ಸದಸ್ಯ, ಊರೆಲ್ಲ 'ಗುಡುಗು' ಎಂದೇ ಕರೆಯುವ ಮಹಾಶಯ, ಎದ್ದ.

"ಕಟ್ಕೊಂಡ ಗಂಡನಿಗೇ ಈಯಮ್ಮನ ಮೇಲೆ ವಿಶ್ವಾಸ ಇಲ್ಲ! ಇನ್ನು ನಮಗೆಲ್ಲಿಂದ ಬರ್ಬೇಕು ಸ್ವಾಮಿ?"

"ಅಯ್ಯೋ, ನಾನು ಹಾಗನ್ಲಿಲ್ಲ..."

"ನಾಗರಿಕರು ಕೂತ್ಕೊಳ್ಳಿ," ಎಂದರು ಅಧ್ಯಕ್ಷರು ಮೃದುವಾಗಿ. "ನಿಮ್ಮ ಕಷ್ಟ ನಮಗೆ ಅರ್ಥವಾಗಿದೆ."

ನನ್ನ ಕಷ್ಟ ಅರ್ಥವಾದವರು ಆ ಸಭೆಯಲ್ಲಿ ಅಷ್ಟೊಂದು ಮಂದಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಈ ಸಲ ಯಾರೂ ಹಲ್ಲು ಕಚ್ಚಲಿಲ್ಲ. ಗುಡುಗು ಅಲ್ಲೇ ಮಂಡಿಸಿದ ಅವಿಶ್ವಾಸ ನಿರ್ಣಯಕ್ಕೆ ಕೈಗಳು ತಾವಾಗಿಯೇ ಹಾರಿದವು. ನನ್ನ ಹೆಂಡತಿ ದೀಪ ಸಮಿತಿಯಿಂದ ಇಳಿದಳು, ಗುಡುಗು ಏರಿದ. ಸದಸ್ಯರ ಬೀದಿಗೆ ಕೊನೆಗೆ ಎಂಬ ಅವಳ ನಿರ್ಣಯವೂ ರದ್ದಾಯಿತು. ಪೀಡಿತ ನಾಗರಿಕನಿಗೆ, ಅಂದರೆ ನನಗೆ, ಸಭೆ ಧನ್ಯವಾದ ಹೇಳಿತು.

ಮರುದಿನವೇ ಏಣಿ ಹೊರಟಿತು. ಮೊದಲು ಗುಡುಗಿನ ಮನೆಗೆ, ಆಮೇಲೆ ಒಬ್ಬೊಬ್ಬ ಸದಸ್ಯರ ಮನೆಗೆ. ನನ್ನವಳು ಇನ್ನೂ ಸದಸ್ಯೆಯೇ ಆದ್ದರಿಂದ ನಮ್ಮ ಮನೆಗೂ ಬಂತು. "ಆಸ್ಪತ್ರೆ ಓಣಿಗೆ ಅಂತ ಎತ್ತಿಟ್ಟಿದ್ದ ದೀಪ ಸಾರ್ ಇದು," ಅಂದ ಏಣಿಯವ, ನನಗೆ ಖುಷಿಯಾಗಲೆಂದು.

ಸಂಜೆ ಬೀದಿ ಬೆಳಗಿತು. ಅಮ್ಮನನ್ನು ಹೊರಗೆ ಕರೆತರಲು ಕೈ ಹಿಡಿದೆ. "ಬಿಡಪ್ಪ, ನಿನಗೆ ಅಭ್ಯಾಸ ಇಲ್ಲ," ಎಂದು ಬಾಗಿಲು ಹಿಡಿದುಕೊಂಡು ತಾನೇ ಬಂದು ಕೂತಳು. ಹೋಗುವವರನ್ನು ಕೂಗಿದಳು, ನಕ್ಕಳು. ನನ್ನ ಎದೆ ಹಗುರವಾಗಬೇಕಿತ್ತು.

ಬೀದಿಯ ತುದಿಯಲ್ಲಿ ನನ್ನ ಹೆಂಡತಿ ಕಾಣಿಸಿಕೊಂಡಳು. ದೀಪ ಬರುವುದಿಲ್ಲವೆಂದು ಆಸ್ಪತ್ರೆ ಓಣಿಯ ಮನೆಮನೆಗೂ ತಾನೇ ಹೋಗಿ ಹೇಳಿ ಬಂದಿದ್ದಳು. ಇಷ್ಟು ದಿನ ಕತ್ತಲಲ್ಲಿ ಬರುತ್ತಿದ್ದವಳು. ಅವಳು ಎಷ್ಟು ದಣಿದು ಬರುತ್ತಾಳೆಂದು ನಾನು ನೋಡಿದ್ದು ಅದೇ ಮೊದಲು.

"ಬಾರೇ ಮಗಳೇ," ಅಂದಳು ಅಮ್ಮ. ಆಮೇಲೆ ತಡೆದಳು. "ಯಾಕೇ ಕಣ್ಣು ಊದಿದೆ?"

"ಏನಿಲ್ಲ ಅತ್ತೆ. ದಾರಿ ಧೂಳು."

"ಧೂಳಂತೆ! ಈಗ ನನಗೆ ಎಲ್ಲಾ ಕಾಣತ್ತೆ. ಯಾವನು ನಿನ್ನನ್ನ ಅಳಿಸಿದ್ದು? ಕರ್ಕೊಂಡು ಬಾ ಇಲ್ಲಿಗೆ, ನೀರಿಳಿಸ್ತೀನಿ."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಮ್ಮ ಮೆಲ್ಲಗೆ ನನ್ನ ಕಡೆ ತಿರುಗಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಪಕ್ಕಕ್ಕೆ ಸರಿದೆ, ಕಂಬದ ನೆರಳಿಗಾಗಿ ಹುಡುಕಿದೆ. ಪುರಸಭೆಯವರು ದೀಪ ಮಾತ್ರ ಒಳ್ಳೆಯದನ್ನೇ ಹಾಕಿದ್ದರು.