ದಾರ ಸುತ್ತಿದ ಓಲೆ

ಮೈಕು ಕಂಡರೆ ಕೆಲವರಿಗೆ ಕೈಕಾಲು ನಡುಗುತ್ತದೆ. ನನಗೆ ಹಾಗಲ್ಲ, ಮೈಕು ಕಂಡರೆ ನನ್ನೊಳಗಿನ ಸದ್ಗುಣಗಳೆಲ್ಲ ಒಟ್ಟಿಗೇ ಎದ್ದು ನಿಲ್ಲುತ್ತವೆ. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಾ ಇಪ್ಪತ್ತು ವರ್ಷ ಕಳೆದವಳು ನಾನು. ನೀರು ಉಳಿಸಿ, ಗಿಡ ನೆಡಿ, ಉಪ್ಪು ಕಡಿಮೆ ತಿನ್ನಿ, ಬೆಳಗ್ಗೆ ಬೇಗ ಏಳಿ ಎಂದು ಈ ಊರಿಗೆ ನಾನು ಹೇಳದೆ ಬಿಟ್ಟ ಬುದ್ಧಿಮಾತಿಲ್ಲ. ಅವುಗಳಲ್ಲಿ ನಾನು ಪಾಲಿಸಿದ್ದು ಎಷ್ಟು ಎಂದು ಮಾತ್ರ ನಮ್ಮ ಮನೆಯವರನ್ನು ಕೇಳಬಾರದು. ಉಪ್ಪಿನ ಭಾಷಣ ಮುಗಿಸಿ ಬಂದ ದಿನವೇ ನಾನು ಎರಡು ಹೋಳು ಮಾವಿನ ಉಪ್ಪಿನಕಾಯಿ ಬಡಿಸಿಕೊಂಡಿದ್ದನ್ನು ಅವರು ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ. ಅಂಥದ್ದಕ್ಕೆಲ್ಲ ನಾನು ನಾಚಿಕೊಂಡವಳಲ್ಲ. ಆದರೆ ಒಂದು ಜೊತೆ ಓಲೆಯ ವಿಷಯದಲ್ಲಿ ನನಗಾದ ನಾಚಿಕೆ ಇನ್ನೂ ಹೋಗಿಲ್ಲ. ಯಾರಿಗಾದರೂ ಹೇಳಿಕೊಂಡರೆ ಸ್ವಲ್ಪ ಹಗುರಾದೀತೇನೋ ಎಂದು ಬರೆಯುತ್ತಿದ್ದೇನೆ.

ಮೊದಲು ಈರಣ್ಣಾಚಾರ್ರ ವಿಷಯ ಹೇಳಬೇಕು. ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ಬರುವಾಗ ಎಡಗಡೆಗೆ, ಒಂದು ಮಂಚ ಹಾಕಿದರೆ ಬಾಗಿಲು ಹಾಕಲಾಗದಷ್ಟು ಸಣ್ಣ ಅಂಗಡಿ ಅವರದು. ಊರಿನ ಅಕ್ಕಸಾಲಿಗರಲ್ಲಿ ಉಳಿದ ಹಳೆಯ ಕೈ ಅದೊಂದೇ. ನಮ್ಮೂರಿನ ಅರ್ಧದಷ್ಟು ಹೆಂಗಸರ ಕಿವಿ ಚುಚ್ಚಿದವರು ಅವರೇ. ಅವರಿಗೆ ಮುಖಗಳು ನೆನಪಿರುವುದಿಲ್ಲ, ಕಿವಿಗಳು ನೆನಪಿರುತ್ತವೆ. ಒಮ್ಮೆ ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ಹೆಂಗಸೊಬ್ಬಳು ಅಂಗಡಿಯ ಮುಂದೆ ನಿಂತಾಗ ಇವರು ಕನ್ನಡಕ ಏರಿಸಿ, "ಮಖ ಸಿಕ್ಕಲಿಲ್ಲ ಕಣವ್ವ, ಕಿವಿ ಸಿಕ್ತು. ನೀನು ದೇವಸಮುದ್ರದ ತಿಮ್ಮಕ್ಕನ ಮಗಳಲ್ವಾ?" ಎಂದಿದ್ದನ್ನು ನಾನೇ ಕಂಡಿದ್ದೇನೆ. ನನ್ನ ಕಿವಿಯ ಚರಿತ್ರೆಯೂ ಅವರಿಗೆ ಬಾಯಿಪಾಠ. ಬಲಗಿವಿ ಚುಚ್ಚುವ ತನಕ ನಾನು ಬೆಲ್ಲ ಚೀಪುತ್ತಾ ಸುಮ್ಮನಿದ್ದೆನಂತೆ. ಎಡಗಿವಿಗೆ ತಂತಿ ತಂದಾಗ ತಲೆ ಒದರಿದೆನಂತೆ. ಹಾಗಾಗಿ ಎಡಗಡೆಯ ತೂತು ಒಂದೆಳೆ ಕೆಳಗೆ, ಒಂದೆಳೆ ಅಗಲ. ಆಮೇಲೆ ಅವ್ವ ಬೇವಿನ ಕಡ್ಡಿ ಹಾಕಿ, ಅದಕ್ಕಿಂತ ದಪ್ಪ ಕಡ್ಡಿ ಹಾಕಿ, ಕೊನೆಗೆ ಆಚಾರ್ರು ಮಾಡಿದ ದಪ್ಪ ತಿರುಪಿನ ಓಲೆ ಹಾಕಿಸಿದಳು. ಬೆಂಕಿಕಡ್ಡಿ ಸಲೀಸಾಗಿ ಹೋಗಿಬರುವಂಥ ಕಿವಿ ನನ್ನದು.

ಇದು ಹೋದ ವರ್ಷದ ಮಾತು. ಎರಡು ಸಾವಿರದ ಇಸವಿ ದಾಟಿ ಆಗಲೇ ಏಳೆಂಟು ವರ್ಷವಾಗಿತ್ತು. ಬಳ್ಳಾರಿಯಲ್ಲಿ ಗಾಜಿನ ಅಂಗಡಿಗಳು ಬಂದಿದ್ದವು. ಬಸ್ಸು ಹತ್ತಿ ಹೋದರೆ ತಂಪು ಗಾಳಿಯಲ್ಲಿ ಕೂರಿಸಿ ಜ್ಯೂಸು ಕೊಟ್ಟು ಓಲೆ ತೋರಿಸುತ್ತಾರೆಂದು ನಮ್ಮ ಸ್ಟಾಫ್ ರೂಮಿನಲ್ಲೇ ಮಾತು. ಅದೂ ಸಾಲದೆ ಕಂಪ್ಯೂಟರಿನಲ್ಲಿ ಚಿತ್ರ ನೋಡಿ ಒತ್ತಿದರೆ ಮನೆಗೇ ಬರುತ್ತದೆಂಬ ಸುದ್ದಿ ಬೇರೆ. ಇಂಥ ಸಮಯದಲ್ಲಿ ಮಹಿಳಾ ದಿನಾಚರಣೆಗೆ ನನ್ನನ್ನು ಮಾತಾಡಲು ಕರೆದರು. ಮೈಕು ಸಿಕ್ಕಿತು. ನಮ್ಮೂರ ಮಗ್ಗದ ರೇಷ್ಮೆ ಸೀರೆಯಿಂದ ಶುರುಮಾಡಿದವಳು ಚಳ್ಳಕೆರೆಯ ಕಂಬಳಿಗೆ ಹೋಗಿ, ಅಲ್ಲಿಂದ ಓಲೆಗೆ ಬಂದು, "ಅಕ್ಕತಂಗಿಯರೇ, ಕಂಪ್ಯೂಟರಿಗೆ ನಿಮ್ಮ ಕಿವಿಯ ಪರಿಚಯವಿಲ್ಲ!" ಎಂದು ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಮುದ್ದೆ ನುಂಗಿದಷ್ಟು ತೃಪ್ತಿಯಾಯಿತು ನನಗೆ.

ಹಿಂದಿನ ಸಾಲಿನಲ್ಲಿ ಈರಣ್ಣಾಚಾರ್ರು ಕೂತಿದ್ದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಮನೆಗೆ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲಲ್ಲೇ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ, "ಮೇಡಂ, ದೀಪಾವಳಿ ಕಳೆದ್ ಮ್ಯಾಲೆ ಕುಲುಮೆ ಎತ್ತಿಬಿಡಾನ ಅಂತಿದ್ದೆ. ಕೂರೋದು ಯಾರಿಗೋಸ್ಕರ ಅನ್ಸಿತ್ತು. ನಿಮ್ಮ ಮಾತು ಕೇಳಿದ್ ಮ್ಯಾಲೆ ಇನ್ನೊಂದು ವರ್ಸ ನೋಡಾನ ಅಂತ ಐತೆ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಪೇಂಟರ್ ಹತ್ತಿರ ಒಂದು ಹಲಗೆ ಬರೆಸಿ ಅಂಗಡಿಯ ಕನ್ನಡಿಯ ಮೇಲೆ ತೂಗುಹಾಕಿದರು. ಹಸಿರು ಬಣ್ಣದಲ್ಲಿ ‘ಕಂಪ್ಯೂಟರಿಗೆ ನಿಮ್ಮ ಕಿವಿಯ ಪರಿಚಯವಿಲ್ಲ’, ಅದರ ಕೆಳಗೆ ಕೆಂಪಿನಲ್ಲಿ ‘ಹೇಳಿದವರು: ಸರೋಜಮ್ಮ ಟೀಚರ್’. ಆ ಒಂದು ತಿಂಗಳು ನಾನು ಕೆಲಸವಿಲ್ಲದಿದ್ದರೂ ಆ ದಾರಿಯಲ್ಲೇ ಓಡಾಡಿದೆ.

ಬೇಸಿಗೆ ರಜೆಗೆ ಚಳ್ಳಕೆರೆಯ ನನ್ನ ತಂಗಿ ಗಿರಿಜೆಯ ಮನೆಗೆ ಹೋದೆ. ಅವಳ ಗಂಡ ಬ್ಯಾಂಕಿನಲ್ಲಿರುವುದು, ಮನೆಗೆ ಕಂಪ್ಯೂಟರ್ ತಂದಿದ್ದರು. ಹೊರಗೆ ಕಾಲಿಡಲಾಗದ ಬಿಸಿಲು. ಇಬ್ಬರೂ ಫ್ಯಾನಿನ ಕೆಳಗೆ ಕೂತು ಅದರಲ್ಲಿ ಸುಮ್ಮನೆ ಓಲೆ ನೋಡತೊಡಗಿದೆವು. ಸುಮ್ಮನೆ ಎಂದರೆ ಸುಮ್ಮನೆಯೇ, ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಒಂದು ಓಲೆ ಕಾಣಿಸಿತು. ಚಿನ್ನದ ನೀರು ಕುಡಿಸಿದ ಬೆಳ್ಳಿ, ನಡುವೆ ಹಸಿರು ಹರಳು, ಸುತ್ತ ಎಸಳು, ಕೆಳಗೆ ಮೂರು ಮುತ್ತು ತೂಗಾಡುತ್ತಿದ್ದವು. ಎಲ್ಲೋ ಉತ್ತರದ ಊರಿನದು. "ಅಕ್ಕ, ನಿನ್ನ ಮಖಕ್ಕೆ ಭಾಳ ಒಪ್ತದೆ ಕಣೆ" ಎಂದಳು ಗಿರಿಜೆ. "ಛೆ, ನಾನು ಭಾಷಣ ಮಾಡಿದೀನಿ" ಎಂದೆ. "ಭಾಷಣ ಮೊಳಕಾಲ್ಮೂರಿನಲ್ಲಿ ಮಾಡಿದ್ದು. ಇದು ಚಳ್ಳಕೆರೆ" ಎಂದಳು. ಎಂಥ ತರ್ಕ! ಇದಕ್ಕೆ ನಾನು ಒಪ್ಪಿದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಒಪ್ಪಿದೆ. ಅವಳ ಗಂಡನ ಕಾರ್ಡಿನಿಂದ ಹಣ ಹೋಯಿತು. ವಿಳಾಸ ಕೂಡ ಗಿರಿಜೆಯದೇ ಕೊಟ್ಟೆವು, ನಮ್ಮೂರಿನಲ್ಲಿ ಪಾರ್ಸೆಲ್ ಬಂದರೆ ಅದನ್ನು ತೆರೆಯುವ ಮೊದಲೇ ಊರಿಗೆ ಗೊತ್ತಾಗುತ್ತದೆಂದು. ಅಂದರೆ ತಪ್ಪು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಓಲೆ ಬಂತು, ಚಿತ್ರಕ್ಕಿಂತ ಚೆನ್ನಾಗಿಯೇ ಇತ್ತು. ಶಾಲೆ ಶುರುವಾದ ಮೇಲೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಸಮಾರಂಭಕ್ಕೆ ಹಾಕಿಕೊಳ್ಳಲು ಹೊರಟೆ. ಆಗ ಕಂಡಿತು ತೊಂದರೆ. ಅದರ ಹಿಂದಿನ ಕಡ್ಡಿ ಗುಂಡುಸೂಜಿಯಷ್ಟು ತೆಳ್ಳಗೆ. ನನ್ನ ಕಿವಿಯ ತೂತಿನಲ್ಲಿ ಅದು ಖಾಲಿ ಬಸ್ಸಿನಲ್ಲಿ ಒಬ್ಬನೇ ಪ್ರಯಾಣಿಕ ಕೂತಂತೆ ಆ ಕಡೆ ಈ ಕಡೆ ವಾಲಾಡಿತು. ಎಸಳೆಲ್ಲ ನೆಲ ನೋಡತೊಡಗಿದವು. ಸಮಾರಂಭಕ್ಕೆ ಅರ್ಧ ಗಂಟೆ ಇತ್ತು. ನಾನು ಬುದ್ಧಿವಂತೆ. ಹೊಲಿಗೆ ದಾರ ತಂದು ಕಡ್ಡಿಗೆ ಹತ್ತಾರು ಸುತ್ತು ಸುತ್ತಿದೆ. ದಾರ ಜಾರಬಾರದೆಂದು ಮೇಲೆ ಉಗುರುಬಣ್ಣ ಬಳಿದೆ. ಅದು ಒಣಗುವ ತನಕ ಕಾಯದೆ ಕಿವಿಗೆ ತೂರಿಸಿದೆ. ಎಡಗಡೆ ತೂತು ಅಗಲವಲ್ಲ, ಅಲ್ಲಿಗೆ ಎರಡು ಪಟ್ಟು ದಾರ, ಎರಡು ಪಟ್ಟು ಬಣ್ಣ. ಓಲೆ ಸೆಟೆದು ನಿಂತಿತು. ಸಮಾರಂಭದಲ್ಲಿ ಎಲ್ಲರೂ ಹೊಗಳಿದರು. "ಆಚಾರ್ರ ಕೈದಾ?" ಎಂದು ಒಬ್ಬರು ಕೇಳಿದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಸುಮ್ಮನೆ ನಕ್ಕೆ. ಆ ನಗು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಸಂಜೆ ಬಲಗಡೆಯದು ಹೇಗೋ ಕಿತ್ತು ಬಂತು. ಎಡಗಡೆಯದು ಜಪ್ಪಯ್ಯ ಎಂದರೂ ಬರಲಿಲ್ಲ. ಬಣ್ಣ, ದಾರ, ಕಿವಿ ಮೂರೂ ಒಂದಾಗಿದ್ದವು. ಎರಡು ದಿನ ಎಣ್ಣೆ ಹಚ್ಚಿದೆ, ಉಪ್ಪುನೀರು ಹಾಕಿದೆ, ಸೆರಗು ಹೊದ್ದು ಪಾಠ ಮಾಡಿದೆ. ಮೂರನೆಯ ದಿನಕ್ಕೆ ಕಿವಿ ಬದನೆಕಾಯಿಯಾಯಿತು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಕಂಪ್ಯೂಟರಿಗೇ ಫೋನ್ ಮಾಡು, ಬಂದು ಬಿಚ್ಲಿ" ಎಂದರು. ಡಾಕ್ಟರ ಹತ್ತಿರ ಹೋದೆ. ಅವರು ಕಿವಿಯನ್ನು ಹತ್ತಿರದಿಂದ ನೋಡಿ, "ಇದು ನನ್ನ ಕೆಲಸ ಅಲ್ಲಮ್ಮ, ಈರಣ್ಣಾಚಾರ್ರ ಹತ್ರ ಹೋಗಿ" ಎಂದುಬಿಟ್ಟರು.

ಬಸ್‌ಸ್ಟ್ಯಾಂಡಿನಿಂದ ಆ ಅಂಗಡಿಗೆ ನೂರು ಹೆಜ್ಜೆ. ಅಷ್ಟು ದೂರದ ನೂರು ಹೆಜ್ಜೆಯನ್ನು ನಾನು ಬೇರೆಲ್ಲೂ ನಡೆದಿಲ್ಲ. ಆಚಾರ್ರು ನನ್ನನ್ನು ಕಂಡದ್ದೇ, "ಬರ್ರಿ ಮೇಡಂ, ಕುಂತ್ಕಳ್ರಿ" ಎಂದು ಕನ್ನಡಿಯ ಎದುರಿನ ಸ್ಟೂಲು ಒರೆಸಿದರು. ಕೂತೆ. ಕನ್ನಡಿಯಲ್ಲಿ ನನ್ನ ಊದಿದ ಕಿವಿ, ಅದರ ಮೇಲೆ ಹಸಿರು ಅಕ್ಷರದಲ್ಲಿ ನನ್ನದೇ ಮಾತು, ಕೆಂಪು ಅಕ್ಷರದಲ್ಲಿ ನನ್ನದೇ ಹೆಸರು. ನಾನು ಕಣ್ಣು ಮುಚ್ಚಿಕೊಂಡೆ. ನೋವಿಗೆ ಮುಚ್ಚಿಕೊಂಡಳೆಂದು ಅವರು ತಿಳಿದಿರಬೇಕು.

ಆಚಾರ್ರು ಬೇಸರವಾದಾಗ ತೆಲುಗಿನಲ್ಲಿ ಗೊಣಗುತ್ತಾರೆ. "ಎವರು ಚೇಶಾರಮ್ಮಾ ಇದಿ" ಎಂದರು ತಮಗೆ ತಾವೇ. ಯಾರು ಮಾಡಿದ್ದಮ್ಮ ಇದು ಎಂದು. ಆಮೇಲೆ ನನ್ನ ಕಡೆ ತಿರುಗಿ, "ದಾರ ಯಾಕ್ ಸುತ್ತಿದ್ರಿ ಮೇಡಂ?" ಎಂದು ಕೇಳಿದರು.

"ಸಡಿಲ ಇತ್ತು."

"ಎಲ್ಲಿದು ಓಲೆ?"

ನಿಜ ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ. "ನಮ್ಮ ಗಿರಿಜ ಕೊಟ್ಟಿದ್ದು ಆಚಾರ್ರೇ. ತಂಗಿ ಅಲ್ವಾ, ಬೇಡ ಅನ್ನೋಕಾಗಲಿಲ್ಲ."

"ಚಳ್ಳಕೆರೆ ಗಿರಿಜಮ್ಮನಾ? ಅವರ ಕಿವೀನೂ ನಾನೇ ಚುಚ್ಚಿದ್ದು. ಅಕ್ಕನ ಕಿವಿ ಗೊತ್ತಿಲ್ವಾ ಅವರಿಗೆ?" ಎಂದರು. ಅನುಮಾನದ ದನಿಯಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು. ನಂತರ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟು, ಸಣ್ಣ ಕತ್ತರಿಯಿಂದ ಹಿಂದಿನ ಕಡ್ಡಿ ತುಂಡರಿಸಿ, ದಾರದ ಒಂದೊಂದೇ ಎಳೆಯನ್ನು ಚಿಮುಟದಲ್ಲಿ ಎಳೆದು ತೆಗೆದರು. ಮುಕ್ಕಾಲು ಗಂಟೆ ಹಿಡಿಯಿತು. ನನ್ನನ್ನು ಒಮ್ಮೆಯೂ ನೋಯಿಸಲಿಲ್ಲ. ಕೊನೆಗೆ ಓಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆಂದು ಕಾದೆ. "ಹರಳು ಕೂರ್ಸಿರೋ ಕೈ ಚೆನ್ನಾಗೈತೆ. ಅವನೂ ಯಾರೋ ನಮ್ಮಂಗೇ ಕುಂತು ಮಾಡಿದಾನೆ. ಕಿವಿ ನೋಡಿಲ್ಲ ಪಾಪ, ಅವನೇನು ಮಾಡ್ತಾನೆ?" ಎಂದರು. ಬೈದಿದ್ದರೆ ನಾನು ನೆಟ್ಟಗೆ ಮನೆಗೆ ಹೋಗಿ ಮಲಗಿರುತ್ತಿದ್ದೆ. ಕಾಸು ಕೊಡಹೋದರೆ ಹಲಗೆಯ ಕಡೆ ಕೈ ತೋರಿಸಿ, "ನಿಮ್ಮ ಹತ್ರಾನಾ?" ಎಂದು ನಕ್ಕರು.

ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಹೋಗಿ ತಪ್ಪೊಪ್ಪಿಕೊಳ್ಳುವುದು ಸರಿಯಾದ ದಾರಿ, ಅದು ನನಗೆ ಗೊತ್ತಿತ್ತು. ಮಕ್ಕಳಿಗೆ ಆ ವಿಷಯದ ಮೇಲೆ ಪ್ರಬಂಧ ಬರೆಸಿದ್ದೇನೆ. ಆದರೆ ನಾನು ಹಿಡಿದದ್ದು ಮತ್ತೊಂದು ಸುಳ್ಳಿನ ದಾರಿ. ಗುಟ್ಟಾಗಿ ಅವರಿಗೊಂದು ಕೆಲಸ ಕೊಡಿಸಿ ಋಣ ತೀರಿಸಿಕೊಳ್ಳೋಣ ಎಂದುಕೊಂಡೆ. ಗಿರಿಜೆಯಿಂದ ಆಚಾರ್ರ ಅಂಗಡಿಗೆ ಫೋನ್ ಮಾಡಿಸಿದೆ. ಅವಳು ದನಿ ಬದಲಿಸಿ, ತನ್ನ ಹೆಸರು ಸುಮಿತ್ರ ಎಂದೂ, ಚಳ್ಳಕೆರೆಯವಳೆಂದೂ, ಅವರ ಕೈಕೆಲಸದ ಹೆಸರು ಕೇಳಿದ್ದೇನೆಂದೂ ಹೇಳಿ ಒಂದು ಜೊತೆ ಕೆಂಪು ಹರಳಿನ ಓಲೆಗೆ ಹೇಳಿದಳು. "ನಿಮ್ಮ ಕಿವಿ ನೋಡಿಲ್ವಲ್ಲಮ್ಮ, ತಿರುಪು ಎಷ್ಟು ದಪ್ಪ ಇಡ್ಲಿ?" ಎಂದು ಆಚಾರ್ರು ಕೇಳಿದರಂತೆ. "ಸಾಧಾರಣ ಇಡಿ" ಎಂದಳಂತೆ ಇವಳು. "ಚಳ್ಳಕೆರೆ ಅಂದ್ರಾ?" ಎಂದು ಇನ್ನೊಮ್ಮೆ ಕೇಳಿಕೊಂಡರಂತೆ. ಆಮೇಲೆ "ಆಯ್ತು ಬಿಡ್ರಮ್ಮ, ಗೊತ್ತಾತು" ಎಂದರಂತೆ. ನಮ್ಮ ನಾಟಕ ಗೆದ್ದಿತೆಂದು ಅಕ್ಕತಂಗಿಯರಿಬ್ಬರೂ ಫೋನಿನಲ್ಲೇ ನಕ್ಕೆವು.

ಹದಿನೈದು ದಿನಕ್ಕೆ ಓಲೆ ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೋಯಿತು, ನಾನು ಗಿರಿಜೆಗೆ ಕೊಟ್ಟಿದ್ದ ದುಡ್ಡು ಅವನ ಕೈಯಲ್ಲೇ ಆಚಾರ್ರಿಗೆ ತಲುಪಿತು. ಭಾನುವಾರ ಗಿರಿಜೆ ಅದನ್ನು ಹಿಡಿದು ನಮ್ಮ ಮನೆಗೆ ಬಂದಳು. "ಅಕ್ಕ, ಇದು ನನಗೆ ಆಗೋದೇ ಇಲ್ಲ ಕಣೆ, ತಿರುಪು ದಪ್ಪ. ಅದೂ ಒಂದೊಂದು ಒಂದೊಂದು ಥರ ಐತೆ" ಎಂದಳು. ನಾನು ಕೈಗೆ ತೆಗೆದುಕೊಂಡೆ. ಕೆಂಪು ಹರಳು ಕೆಂಡದ ಹಾಗಿತ್ತು. ಒಂದು ತಿರುಪು ದಪ್ಪ, ಇನ್ನೊಂದು ಅದಕ್ಕಿಂತ ಒಂದೆಳೆ ದಪ್ಪ. ಆ ಇನ್ನೊಂದಕ್ಕೆ ಗುರುತಿಗೆಂದು ಕೆಂಪು ದಾರ ಕಟ್ಟಿತ್ತು. ಡಬ್ಬಿಯ ತಳದಲ್ಲಿ ಮಡಿಸಿದ ಚೀಟಿ. ಆಚಾರ್ರ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: ‘ಕೆಂಪು ದಾರದ್ದು ಎಡಗಿವಿಗೆ. ದಾರ ಬಿಚ್ಚಿ ಹಾಕ್ಕಳಿ. ಬೇರೆ ಏನೂ ಸುತ್ತೋದು ಬ್ಯಾಡ.’

ಗಿರಿಜೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಅಳುವುದೋ ನಗುವುದೋ ತಿಳಿಯದೆ ಓಲೆ ಹಾಕಿಕೊಂಡೆ. ಎರಡೂ ಮುಖ ಎತ್ತಿ ನೆಟ್ಟಗೆ ಕೂತವು.

ಮರುದಿನ ಶಾಲೆಗೆ ಹೋಗುವ ಮುಂಚೆ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಮೈಕಿಲ್ಲದೆ ನನಗೆ ಮಾತಾಡುವುದು ಕಷ್ಟವೆಂದು ಅವತ್ತು ಗೊತ್ತಾಯಿತು. "ಆಚಾರ್ರೇ, ಆ ಓಲೆ ಗಿರಿಜ ಕೊಟ್ಟಿದ್ದಲ್ಲ..." ಎಂದೆ. "ಎಡಗಡೇದು ನೋಡಾನ ಬರ್ರಿ" ಎಂದು ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಿರುಪನ್ನು ಅರ್ಧ ಸುತ್ತು ತಿರುಗಿಸಿ, "ಕುಂತೈತೆ" ಎಂದರು. ಅಷ್ಟೇ ಮಾತು.

ನಾನು ಧೈರ್ಯ ಮಾಡಿ ತಲೆ ಎತ್ತಿ ಕನ್ನಡಿ ನೋಡಿದೆ. ಹಲಗೆ ಅಲ್ಲೇ ಇತ್ತು. ಹಸಿರು ಅಕ್ಷರದ ಮಾತು ಹಾಗೇ ಇತ್ತು. ಆದರೆ ಕೆಳಗೆ, ನನ್ನ ಹೆಸರಿದ್ದ ಜಾಗಕ್ಕೆ ಸರಿಯಾಗಿ, ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು.

"ಇದ್ಯಾಕೆ ಆಚಾರ್ರೇ, ಇಲ್ಲಿ ಹಾಕಿದ್ರಿ?" ಎಂದು ಕೇಳಿದೆ.

"ಮೊಳೆ ಅಲ್ಲೇ ಇತ್ತು ಮೇಡಂ" ಎಂದರು ಅವರು, ಕುಲುಮೆ ಊದುತ್ತಾ.

ದೀಪಾವಳಿ ಬಂದು ಹೋಯಿತು. ಆಚಾರ್ರು ಅಂಗಡಿ ಮುಚ್ಚಲಿಲ್ಲ. ಯಾಕೆ ಮುಚ್ಚಲಿಲ್ಲ ಎಂದು ಕೇಳುವ ಮುಖ ನನಗಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ನನ್ನ ಕಿವಿ ನೋಡಿ ಕೇಳಿದರೆ ಈಗ ಕೂಡಲೇ ಅವರ ಹೆಸರು ಹೇಳುತ್ತೇನೆ, ಭಾಷಣ ಮಾತ್ರ ಮಾಡುವುದಿಲ್ಲ. ಹೊಸ ವರ್ಷವೂ ಬಂತು. ಊರಿನ ಎಲ್ಲ ಅಂಗಡಿಗಳಲ್ಲೂ ಕ್ಯಾಲೆಂಡರ್ ಬದಲಾಗಿದೆ. ಆಚಾರ್ರ ಅಂಗಡಿಯಲ್ಲಿ ಮಾತ್ರ ಹಳೆಯದೇ ನೇತಾಡುತ್ತಿದೆ. ಅದನ್ನು ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.