ಗೋತ್ರ ಸೋರಿಕೆ ಪ್ರಕರಣ

ಖಾಸಗಿ ಮಾಹಿತಿಯ ರಕ್ಷಣೆಯೇ ನಾಗರಿಕ ಸಮಾಜದ ತಳಹದಿ. ಆ ತಳಹದಿಯನ್ನು ನಾನು ಒಂದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟು ತಿನ್ನುತ್ತಾ, ಎಡಗೈ ಬೆರಳಿನಿಂದ ಕಿತ್ತುಹಾಕಿದೆ.

ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಸತ್ಯನಾರಾಯಣ ಪೂಜೆಯ ಸಂಕಲ್ಪಕ್ಕೆ ಪುರೋಹಿತರು ಎಲ್ಲರ ಗೋತ್ರ, ನಕ್ಷತ್ರ ಕೇಳಿದ್ದರು. ನಕ್ಷತ್ರ ಮರೆತವರೇ ಹೆಚ್ಚು. ಹಾಗಾಗಿ ಹುಟ್ಟಿದ ತಾರೀಖು, ವೇಳೆ ಕೊಟ್ಟರೂ ಆದೀತು ಎಂದಿದ್ದರು. ದೇವರ ಮುಂದೆ ಓದುವುದಲ್ಲವೇ, ಎಲ್ಲರೂ ನಿಜವಾದ ತಾರೀಖನ್ನೇ ಕೊಟ್ಟರು! ನನ್ನ ಹೆಂಡತಿ ವಿಮಲಾ ಕೂಡ. ಮುಂದಿನ ಶನಿವಾರ ಅವಳ ಐವತ್ತನೇ ಹುಟ್ಟುಹಬ್ಬವೆಂದು ಗೆಳತಿಯರು ಹಾಲ್ ಬುಕ್ ಮಾಡಿದ್ದರು. ದೇವರ ಲೆಕ್ಕದಲ್ಲಿ ಅದು ಐವತ್ತಮೂರನೆಯದು.

ಈ ಪಟ್ಟಿಯಿದ್ದ, ಪುರೋಹಿತರಿಗಷ್ಟೇ ಕಳಿಸಬೇಕಾದ ಇಮೇಲನ್ನು ನಾನು ಸದಸ್ಯರೆಲ್ಲರಿಗೂ ಕಳಿಸಿದೆ.

ವಿಷಯ ಕೇಳಿ ವಿಮಲಾ ಹೌಹಾರಿದಳು. ಆಮೇಲೆ ಧೈರ್ಯ ತಂದುಕೊಂಡು, "ರೀ, ನಿಮ್ಮ ಮೇಲ್ ಯಾರು ತೆಗೆದು ನೋಡ್ತಾರೆ? ಸುಮ್ನಿದ್ಬಿಡಿ," ಎಂದಳು.

"ಸುಮ್ನಿರೋದಾ? ಇದು ಡೇಟಾ ಬ್ರೀಚ್ ಕಣೇ! ತಿಳಿಸದೇ ಇರೋದು ಅಪರಾಧ!" ವಿಮಾ ಕಂಪನಿಯಲ್ಲಿ ನಿಯಮಪಾಲನೆಯ ವಿಭಾಗದಲ್ಲೇ ತಲೆ ನೆರೆಸಿಕೊಂಡವನು ನಾನು.

ಪಕ್ಕದ ಮನೆಯ ಪಾಟೀಲರು ಧಾರವಾಡದವರು, ವಕೀಲರು, ಸಂಘದ ಸದಸ್ಯರೂ ಹೌದು. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದವರನ್ನು ತಡೆದು ಕೇಳಿದೆ.

"ಫೆಡರಲ್ ಕಾನೂನು ದವಾಖಾನಿಗೆ, ಬ್ಯಾಂಕಿಗೆ ಐತ್ರಿ, ಸತ್ಯನಾರಾಯಣಗ ಇಲ್ಲ," ಎಂದರು. "ಇನ್ನ ನ್ಯೂಜೆರ್ಸಿದು. ಹೆಸರಿನ ಜೋಡಿ ಸೋಶಿಯಲ್ ಸೆಕ್ಯುರಿಟಿ ನಂಬರ್, ಲೈಸೆನ್ಸ್ ನಂಬರ್ ಹೋಗಿದ್ರ ತಿಳಸಬೇಕು. ನಿಮ್ಮ ಗೋತ್ರ ಕದ್ದು ಯಾವ ಕಳ್ಳ ಸಾಲಾ ಎತ್ತತಾನ್ರೀ?"

"ಜೆರಿಕೋದಲ್ಲೂ ನಮ್ಮ ಸದಸ್ಯರಿದ್ದಾರೆ. ನ್ಯೂಯಾರ್ಕ್ ಕಾನೂನು?"

"ಅದೂ ಹಂಗ ಐತಿ. ಒಳಗ ಹೋಗಿ ಚಾ ಕುಡೀರಿ."

ಕಾನೂನು ಬಿಟ್ಟರೂ ಆತ್ಮಸಾಕ್ಷಿ ಬಿಡಬೇಕಲ್ಲ! ಸದಸ್ಯರಿಗೆಲ್ಲ ಒಂದು ನೋಟಿಸ್ ಬರೆದು ಕಳಿಸಿದೆ. "ಅತಿ ತುರ್ತು: ತಮ್ಮ ಖಾಸಗಿ ಮಾಹಿತಿ ಸೋರಿಹೋಗಿದೆ." ಯಾವ ಮಾಹಿತಿ, ಯಾವಾಗ ಸೋರಿತು, ಯಾವ ಮೇಲ್‌ನಲ್ಲಿದೆ, ಎಲ್ಲವನ್ನೂ ವಿಧಿವತ್ತಾಗಿ ನಮೂದಿಸಿದೆ. ಸದರಿ ಮೇಲನ್ನು ಯಾರೂ ತೆರೆಯಬಾರದೆಂದು ದಪ್ಪಕ್ಷರದಲ್ಲಿ ಪ್ರಾರ್ಥಿಸಿದೆ.

ಎಲ್ಲರೂ ತೆರೆದರು!

ಸಂಘದ ಚರಿತ್ರೆಯಲ್ಲಿ ಇಷ್ಟು ಓದುಗರನ್ನು ಕಂಡ ಬರಹ ಇನ್ನೊಂದಿಲ್ಲ. ಮೊದಲ ಫೋನ್ ಜೆರಿಕೋದ ಸುಮಾಳದು. ಕೇಕಿನ ಹೊಣೆ ಹೊತ್ತಿದ್ದವಳು ಅವಳೇ. ವಿಮಲಾ ಫೋನನ್ನು ಸ್ಪೀಕರ್‌ಗೆ ಹಾಕಿ ದೋಸೆ ಹುಯ್ಯುತ್ತಿದ್ದಳು.

"ವಿಮಲಕ್ಕಾ, ಕೇಕ್ ಮೇಲೆ ಎಷ್ಟೂಂತ ಬರೆಸ್ಲಿ? ನಾಚ್ಕೋಬೇಡಿ, ಹೇಳಿ. ಹೇಗೂ ನಂದೂ ನೋಡಿರ್ತೀರಲ್ಲ."

ವಿಮಲಾ ನೋಡಿರಲಿಲ್ಲ. ಸಟ್ಟುಗ ಕೆಳಗಿಟ್ಟು ಈಗ ನೋಡಿದಳು.

"ಅಯ್ಯೋ, ನನಗಿಂತ ಎರಡು ವರ್ಷ ದೊಡ್ಡೋಳೇನೇ ನೀನು? ಇಷ್ಟು ಕಾಲ ಬಾಯ್ತುಂಬ ಅಕ್ಕಾ ಅಕ್ಕಾ ಅಂತಿದ್ದೆಯಲ್ಲೇ!"

ಇಬ್ಬರೂ ದೋಸೆ ಸೀಯುವವರೆಗೆ ನಕ್ಕರು. ಸೀದದ್ದು ನನ್ನ ತಟ್ಟೆಗೆ ಬಂತು.

ಶನಿವಾರ ಕೇಕಿನ ಮೇಲೆ ಐವತ್ತಮೂರು ಎಂದೇ ಇತ್ತು. ಸಂಘದಲ್ಲಿ ನನಗೀಗ ಪೇಪರ್ ಪ್ಲೇಟು, ಚಮಚಗಳ ಖಾತೆ. ಮೇಲ್‌ಗಳನ್ನು ಪಾಟೀಲರು ಕಳಿಸುತ್ತಾರೆ. ಯಾರೂ ಓದುವುದಿಲ್ಲ.