ಬೆಣ್ಣೆ ಡಬ್ಬಿಯೊಳಗಿನ ಮರಳು

"ಇನ್ನು ಈ ಅಂಗಳಕ್ಕೆ ಒಂದು ತೊಟ್ಟು ನೀರು ಹಾಕಿದರೆ ನಾನು ಮೆರ್ಲನೇ ಅಲ್ಲ!"

ಹುಲ್ಲುಹಾಸಿಗೆ ನೀರು ಹಾಕಿ ಹಾಕಿ ಸಾಕಾಗಿ, ಅಮೆರಿಕದ ಕ್ಯಾನ್ಸಾಸಿನ ಮೆರ್ಲ್ ಅಡುಗೆಮನೆಯಲ್ಲಿ ನಿಂತು ಹೀಗೆ ಶಪಥ ಮಾಡಿದ. ಅವನು ಇನ್ನು ಬೆಳೆಸಲಿದ್ದದ್ದು ಅಲ್ಲಿನ ಹುಲ್ಲುಬಯಲಿನ ಸ್ವಂತ ಮಗಳು, ಬರಕ್ಕೂ ಬಗ್ಗದ ಕಿತ್ತಳೆ ಬಣ್ಣದ ಚಿಟ್ಟೆಹೂವು. ಅದು ಮೊಳೆಯಬೇಕಾದರೆ ಬೀಜಕ್ಕೆ ಮೊದಲು ಚಳಿಗಾಲ ತೋರಿಸಬೇಕು. ಸರಿ, ಬೀಜವನ್ನು ಒದ್ದೆ ಮರಳಲ್ಲಿ ಕಲಸಿ, ಖಾಲಿ ಬೆಣ್ಣೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟ. ಮೇಲೊಂದು ಚೀಟಿ ಅಂಟಿಸಿದನೇ? ಮಹಾಪುರುಷರಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ!

ವಸಂತದಲ್ಲಿ ಬಿತ್ತಿದ. ಏನೋ ಮೊಳೆಯಿತು. ಮೆರ್ಲ್ ಕುಣಿದಾಡಿದ. ಹೆಂಡತಿ ಲವೋನ್ ಮಾತ್ರ ಆ ಕಡೆ ತಿರುಗದೆ ಪಾತ್ರೆ ತೊಳೆಯುತ್ತಲೇ ಇದ್ದಳು.

ಎರಡು ವರ್ಷ ಕಳೆದರೂ ಹೂವಿಲ್ಲ. "ಬೇರು ಬಿಡ್ತಾ ಇದೆ ಕಣೇ! ಮೂರನೇ ವರ್ಷ ನೋಡು!" ಎಂದವನು, ಅವಳು ಕಾಣದ ಹೊತ್ತು ನೋಡಿ ಬಕೆಟ್ಟುಗಟ್ಟಲೆ ನೀರು ಸುರಿದ. ಮೂರನೇ ವರ್ಷ ಗಿಡ ಎದೆಯೆತ್ತರ ಬೆಳೆಯಿತು. ಮೆರ್ಲ್ ಕೋಲು ಕಟ್ಟಿ ನಿಲ್ಲಿಸಿದ. ಸಾಲದ್ದಕ್ಕೆ, ಜೂನ್ ತಿಂಗಳಲ್ಲಿ ಚರ್ಚಿನವರು ಮನೆಮನೆಯ ತೋಟ ನೋಡಿ ರಿಬ್ಬನ್ ಬಹುಮಾನ ಕೊಡುವ ದಿನಕ್ಕೆ ತನ್ನ ಮನೆಯ ಹೆಸರನ್ನೂ ಬರೆಸಿ ಬಂದ!

"ರೀ, ಬೇಡ. ಮುಂದಿನ ವರ್ಷ ನೋಡೋಣ," ಎಂದ ಲವೋನಳ ಮುಖ ಸುಣ್ಣದಂತಾಗಿತ್ತು.

"ಊರಿಗೆಲ್ಲ ಹೇಳಿಬಿಟ್ಟಿದ್ದೀನಿ! ನನ್ನ ಮಾನದ ಪ್ರಶ್ನೆ!" ಇವಳಿಗೇನಾಗಿದೆ ಎಂಬುದೇ ಮೆರ್ಲನಿಗೆ ತಿಳಿಯಲಿಲ್ಲ.

ಆ ಭಾನುವಾರ ಚರ್ಚಿನ ಮೂವತ್ತು ಹೆಂಗಸರು ಬಂದರು. ಮುಂದೆ ಊರಿನ ಗಿಡಪಂಡಿತೆ, ಎಂಬತ್ತರ ಆರ್ಡಿತ್ ಅಜ್ಜಿ. ಅವಳು ಎಲೆ ಹಿಚುಕಿದಳು, ಮೂಸಿದಳು.

"ಮೆರ್ಲಾ, ಇದು ಆಗಸ್ಟಲ್ಲಿ ಊರಿಗೆಲ್ಲ ಸೀನು ಹಿಡಿಸೋ ಕಳೆ ಕಣಪ್ಪಾ. ಇದಕ್ಕೆ ಕೋಲು ಬೇರೆ ಕಟ್ಟಿದ್ದೀಯಾ?"

ಮೆರ್ಲನ ತಲೆ ಗಿರ್ರೆಂದಿತು. ಬಿತ್ತಿದ್ದು ಹೂವು, ಬೆಳೆದದ್ದು ಕಳೆ! ಅಷ್ಟರಲ್ಲಿ ಗ್ಯಾರೇಜಿನ ಹಿಂದಿನಿಂದ ಯಾರೋ, "ಅಯ್ಯಯ್ಯೋ, ಇಲ್ಲಿ ಬನ್ರೇ!" ಎಂದು ಕೂಗಿದರು.

ಎಲ್ಲರೂ ಓಡಿದರು. ಯಾರೂ ಕಾಲಿಡದ ಜಲ್ಲಿರಾಶಿ. ಅದರ ಮೇಲೆ, ಮೆರ್ಲ್ ಮೀನು ಹಿಡಿಯಲು ಹೋಗುತ್ತಿದ್ದ ಮುರುಕು ದೋಣಿಯ ಮರೆಯಲ್ಲಿ, ಕೆಂಡ ಚೆಲ್ಲಿದಂತೆ ಕಿತ್ತಳೆ ಹೂವು! ಮೇಲೆ ಚಿಟ್ಟೆಗಳ ಸಂತೆ!

"ಯಾರದೇ ಈ ಕೈಗುಣ?" ಎಂದಳು ಅಜ್ಜಿ.

ಲವೋನ್ ಸೆರಗಿಲ್ಲದ್ದಕ್ಕೆ ಏಪ್ರನ್ನಿನ ತುದಿ ಹಿಂಡಿದಳು. "ನಂದೇ ಅಜ್ಜಿ... ಇವರು ಬಿತ್ತೋದಕ್ಕೆ ಮುಂಚಿನ ಕ್ರಿಸ್‌ಮಸ್ಸಿಗೆ ಬೆಣ್ಣೆ ಅಂತ ಡಬ್ಬಿ ತೆಗೆದೆ. ಒಳಗೆ ಒದ್ದೆ ಮಣ್ಣು! ಮೀನು ಹಿಡಿಯೋ ಎರೆಹುಳ ಮತ್ತೆ ಫ್ರಿಜ್ಜಿಗೆ ತುಂಬಿದ್ದಾರೆ ಅಂತ ಇಲ್ಲಿ ಎಸೆದೆ. ಮಾರನೇ ದಿನ ಇವರು ಬೀಜದ ಪುರಾಣ ತೆಗೆದರು. ಹೆದರಿ ಡಬ್ಬಿಗೆ ಹಿತ್ತಲಿನ ಬೇರೆ ಮರಳು ತುಂಬಿಟ್ಟೆ. ಈ ಕಳೆ ಬೀಜ ಅದರಲ್ಲೇ ಇತ್ತು ಅಂತ ಕಾಣುತ್ತೆ."

"ಆಮೇಲೆ ಆರೈಕೆ?"

"ಬೈಕೊಂಡು ಎಸೆದೆ, ಮರೆತೆ. ಅಷ್ಟೇ."

ಅಜ್ಜಿ ಬಹುಮಾನದ ರಿಬ್ಬನ್ ಲವೋನಳ ಏಪ್ರನ್ನಿಗೆ ಸಿಕ್ಕಿಸಿದಳು. ಮೆರ್ಲ್ ಮೆಲ್ಲಗೆ ಬಕೆಟ್ಟಿನತ್ತ ಕೈ ಚಾಚುವುದನ್ನು ಕಂಡು ಗದರಿದಳು:

"ಮುಟ್ಟೀಯ ಜೋಕೆ! ಎಂಥಾ ಬರ ಬಂದ್ರೂ ಬದುಕೋ ಗಿಡ ಅದು. ನಿನ್ನ ಆರೈಕೆ ತಡೆಯೋ ಶಕ್ತಿ ಅದಕ್ಕಿಲ್ಲ!"